ಮನೆ ಮಾರಾಟಕ್ಕಿದೆ, ಒಗ್ಗರಣೆ ಹಾಕಬೇಡಿ

ಅಮೆರಿಕದಲ್ಲಿ ಮಾರಾಟಕ್ಕಿಟ್ಟ ಮನೆ, ನೋಡುವ ಕಣ್ಣಿಗೆ ಯಾರೂ ಬಾಳಿ ಬದುಕದ ಮನೆಯಂತಿರಬೇಕು. ಕಾಗದದ ಮೇಲೆ ಮಾತ್ರ ಅಲ್ಲಿ ಬಾಳಿದ್ದೆಲ್ಲ ಒಂದೂ ಬಿಡದೆ ದಾಖಲಾಗಿರಬೇಕು. ಕನ್ನಡ ಕುಟುಂಬಗಳು ಸಾಮಾನ್ಯವಾಗಿ ಇದನ್ನು ತಿರುಗಾಮುರುಗಾ ಮಾಡುತ್ತವೆ. ಬಂದವರ ಕಣ್ಣು ಮೂಗುಗಳಿಗೆ ಇಡೀ ಸಂಸಾರವನ್ನು ಬಡಿಸಿಟ್ಟು, ಫಾರಮ್ ತುಂಬುವ ಹೊತ್ತಿಗೆ ಮೌನವ್ರತ ಹಿಡಿಯುತ್ತವೆ. ಮಾರಾಟದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ.

ಗೊಂದಲ ಶುರುವಾಗುವುದು ಕಾಲನಿರ್ಣಯದಿಂದ. ಅಲ್ಲಿ ಮನೆ ಕೊಳ್ಳುವ ಭರಾಟೆ ವಸಂತದಲ್ಲಿ. ಮಕ್ಕಳಿರುವವರು ಶಾಲೆ ತೆರೆಯುವ ಮೊದಲೇ ಹೊಸ ಮನೆಗೆ ಬಂದು ನೆಲೆಯಾಗಬೇಕು. ಕನ್ನಡ ಕುಟುಂಬ ಮಗಳ ಗ್ರಾಜುಯೇಷನ್ ಮುಗಿಯಲಿ ಎಂದು ಜೂನ್ ತನಕ ಕಾಯುತ್ತದೆ, ಅಷ್ಟರಲ್ಲಿ ಆಷಾಢ. ಆಷಾಢ ಕಳೆದು ಶ್ರಾವಣ ಬರುವ ಹೊತ್ತಿಗೆ ಶಾಲೆಯ ಹಳದಿ ಬಸ್ಸು ಓಡಾಡುವ ಕಾಲ. ಆಮೇಲೆ ಪಿತೃಪಕ್ಷ, ಅದರ ಬೆನ್ನಿಗೆ ದಸರಾ ದೀಪಾವಳಿಯ ನೆಂಟರು, ಡಿಸೆಂಬರ್ ನಡುವಿನಲ್ಲಿ ಧನುರ್ಮಾಸ. ಪಂಚಾಂಗ ಕಳೆದು ಉಳಿದ ಶುಭದಿನ ನ್ಯೂಜೆರ್ಸಿಯಲ್ಲಿ ಬರುವುದು ಅಂಗಳದಲ್ಲಿ ಹಿಮ ಬಿದ್ದಾಗ. ಪಂಚಾಂಗಕ್ಕೆ ಹೊಂದುವ ಅಮೆರಿಕನ್ ಸಂಪ್ರದಾಯ ಒಂದೇ, ಯಾರು ಬೇಕಾದರೂ ಬಂದು ಮನೆ ನೋಡಬಹುದಾದ ಓಪನ್ ಹೌಸ್. ಅದು ಸಾಮಾನ್ಯವಾಗಿ ಭಾನುವಾರ ಮಧ್ಯಾಹ್ನ 1ರಿಂದ 4. ಭಾನುವಾರದ ರಾಹುಕಾಲ ಶುರುವಾಗುವುದು 4.30ಕ್ಕೆ. ಮೊದಲ ಅರ್ಧ ಗಂಟೆ ಯಮಗಂಡಕ್ಕೆ ಸಿಕ್ಕಿಬೀಳುತ್ತದೆ ನಿಜ. ಆದರೆ ಆ ಹೊತ್ತಿನಲ್ಲಿ ಬರುವವರು ಅಕ್ಕಪಕ್ಕದ ಮನೆಯವರು. ಅವರು ಮನೆ ಕೊಳ್ಳಲು ಬಂದವರಲ್ಲ, ಇಷ್ಟು ವರ್ಷ ಹೊರಗಿನಿಂದ ನೋಡಿದ್ದನ್ನು ಒಳಗಿನಿಂದ ನೋಡಲು ಬಂದವರು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದೋಡುವುದರಿಂದ ಈ ಲೆಕ್ಕವೂ ಅಲುಗಾಡುತ್ತದೆ. ಊರಿನ ಜೋಯಿಸರನ್ನು ಕೇಳಿದರೆ ಅವರು ಮೈಸೂರಿನ ಸೂರ್ಯೋದಯ ಹಿಡಿದೇ ಗುಣಿಸುತ್ತಾರೆ.

ಏಜೆಂಟರ ಆಯ್ಕೆ ಇದಕ್ಕಿಂತ ಸೂಕ್ಷ್ಮ. ದೊಡ್ಡ ಊರಿನ ಕನ್ನಡ ಕೂಟದಲ್ಲಿ ರಿಯಲ್ ಎಸ್ಟೇಟ್ ಲೈಸೆನ್ಸ್ ಇಟ್ಟುಕೊಂಡವರಿಗೆ ಬರವಿಲ್ಲ. ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಭಾನುವಾರ ಮನೆ ವ್ಯಾಪಾರ. ಒಬ್ಬರಿಗೆ ಕೊಟ್ಟರೆ ಉಳಿದವರು ರಾಜ್ಯೋತ್ಸವದ ಊಟದ ಸಾಲಿನಲ್ಲಿ ಮುಖ ತಿರುಗಿಸುತ್ತಾರೆ; ಹೊರಗಿನವರಿಗೆ ಕೊಟ್ಟರೆ ಎಲ್ಲರೂ ಒಗ್ಗಟ್ಟಾಗಿ ತಿರುಗಿಸುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: ಹೋದ ವರ್ಷ ಇದೇ ಬಡಾವಣೆಯಲ್ಲಿ ಎಷ್ಟು ಮನೆ ಮಾರಿಸಿದ್ದೀರಿ? ಇದನ್ನು ಬಿಟ್ಟು ‘ನಿಮ್ಮ ಕಡೆಯವರು ಯಾವೂರು’ ಎಂಬಲ್ಲಿಂದ ಮಾತು ಶುರುವಾಗಿ, ತಿಪಟೂರಿನಲ್ಲಿ ಯಾರೋ ಇಬ್ಬರಿಗೂ ಬೇಕಾದವರು ಸಿಕ್ಕಿ, ಸಹಿ ಬಿದ್ದುಹೋಗಿರುತ್ತದೆ. ಒಟ್ಟು ಶೇ. 5ರಿಂದ 6 ಕಮಿಷನ್ ಎಂಬುದು ಬಹುಕಾಲದ ವಾಡಿಕೆ. ಅಷ್ಟನ್ನೂ ಮಾರುವವರೇ ಕೊಟ್ಟು, ಅದರಲ್ಲಿ ಸುಮಾರು ಅರ್ಧ ಕೊಳ್ಳುವವರ ಏಜೆಂಟರಿಗೆ ಹೋಗುತ್ತಿತ್ತು. ರಿಯಾಲ್ಟರುಗಳ ರಾಷ್ಟ್ರೀಯ ಸಂಘ ಮೊಕದ್ದಮೆಯೊಂದರಲ್ಲಿ ರಾಜಿ ಮಾಡಿಕೊಂಡ ಮೇಲೆ, 2024ರ ಆಗಸ್ಟ್ 17ರಿಂದ ಆ ಅರ್ಧವನ್ನು ಏಜೆಂಟರ ಲಿಸ್ಟಿಂಗ್ ಪಟ್ಟಿಯಲ್ಲಿ ನಮೂದಿಸುವಂತಿಲ್ಲ. ಅದು ಮಾತಾಡಿ ಗೊತ್ತುಮಾಡಿಕೊಳ್ಳುವ ವಿಷಯ. ಕೆ.ಆರ್. ಮಾರುಕಟ್ಟೆಯಲ್ಲಿ ಕೊತ್ತಂಬರಿ ಕಟ್ಟಿಗೆ ಚೌಕಾಸಿ ಮಾಡಿದವರು ಇಲ್ಲಿ ‘ನಮ್ಮವರನ್ನ ಹೇಗೆ ಕೇಳೋದು’ ಎಂದು ಸುಮ್ಮನಾಗುವುದು ದುಬಾರಿ ಸಂಕೋಚ. ಹತ್ತು ಲಕ್ಷ ಡಾಲರಿನ ಮನೆಗೆ ಶೇಕಡಾ ಅರ್ಧವೆಂದರೆ 5,000 ಡಾಲರ್.

ಬೆಲೆ ಕಟ್ಟುವ ಕೆಲಸ ಮನೆ ಯಜಮಾನರ ಎಕ್ಸೆಲ್ ಹಾಳೆಯಲ್ಲಿ ನಡೆಯುತ್ತದೆ. ಕೊಂಡ ಬೆಲೆ, ಗ್ರಾನೈಟ್, ಡೆಕ್, ನೀರು ಮೆದುವಾಗಿಸುವ ಯಂತ್ರ, ಜತೆಗೆ ‘ಈ ಮನೆಗೆ ಬಂದಮೇಲೇ ಪ್ರಮೋಷನ್ ಆಗಿದ್ದು’ ಎಂಬ ಭಾವನೆಗೂ ಒಂದು ಕಾಲಮ್. ಮಾರುಕಟ್ಟೆಗೆ ಈ ಹಾಳೆಯ ಪರಿವೆ ಇಲ್ಲ. ಹತ್ತಿರದಲ್ಲೇ, ಇತ್ತೀಚಿನ ಕೆಲವು ತಿಂಗಳಲ್ಲಿ, ಇಂಥದ್ದೇ ಮನೆ ಎಷ್ಟಕ್ಕೆ ಹೋಯಿತು ಎಂಬುದನ್ನಷ್ಟೇ ಅದು ನೋಡುತ್ತದೆ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ಅಪ್ರೈಸರ್ ನೋಡುವುದೂ ಅದನ್ನೇ. ಇಂಟರ್‌ನೆಟ್ಟಿನ ಅಂದಾಜು ಬೆಲೆಯನ್ನು ವೇದವಾಕ್ಯವೆಂದು ಹಿಡಿಯುವವರಿಗೆ ಒಂದು ಸಂಗತಿ: ಅಂಥ ಅಂದಾಜಿಗೆ ಹೆಸರಾದ ಜಿಲೋ ಕಂಪನಿ ತಾನೇ ಮನೆಗಳನ್ನು ಕೊಂಡು ಮಾರುವ ವ್ಯಾಪಾರಕ್ಕಿಳಿದು, ಬೆಲೆಗಳನ್ನು ಊಹಿಸುವುದು ಕೈಗೂಡದೆ 2021ರಲ್ಲಿ ಆ ಅಂಗಡಿ ಮುಚ್ಚಿತು. ಹೆಚ್ಚಿಗೆ ಹೇಳಿ ಆಮೇಲೆ ಇಳಿಸೋಣ ಎಂಬ ಲೆಕ್ಕಾಚಾರವೂ ನಡೆಯುವುದಿಲ್ಲ. ಮನೆ ಎಷ್ಟು ದಿನದಿಂದ ಬಿಕರಿಯಾಗದೆ ಕೂತಿದೆ ಎಂಬುದು ಲಿಸ್ಟಿಂಗಿನಲ್ಲೇ ಕಾಣುತ್ತದೆ. ನೋಡಿದವರು ಏನೋ ಐಬಿದೆ ಎಂದುಕೊಳ್ಳುತ್ತಾರೆ.

ಐಬು ಅನೇಕ ಸಲ ಗಾಳಿಯಲ್ಲಿರುತ್ತದೆ. ಇಂಗು, ಸಾಸಿವೆ, ಬೆಳ್ಳುಳ್ಳಿಯ ಒಗ್ಗರಣೆ ಇಪ್ಪತ್ತು ವರ್ಷ ಬಿದ್ದ ಮನೆಯ ವಾಸನೆ ಆ ಮನೆಯವರಿಗೆ ಮಾತ್ರ ತಿಳಿಯುವುದಿಲ್ಲ, ಮೂಗು ಒಗ್ಗಿಹೋಗಿರುತ್ತದೆ. ಎಷ್ಟೋ ಅಮೆರಿಕನ್ ಅಡುಗೆಮನೆಗಳಲ್ಲಿ ಒಲೆಯ ಮೇಲಿನ ಫ್ಯಾನು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ. ಒಳಗೆಳೆದು, ಒಂದು ಜಾಲರಿ ದಾಟಿಸಿ, ಅಡುಗೆಯವರ ಮುಖಕ್ಕೇ ವಾಪಸು ಊದುತ್ತದೆ. ಎಣ್ಣೆಯ ಹೊಗೆ ಕಾರ್ಪೆಟ್ಟು, ಪರದೆ, ಗೋಡೆಗಳಲ್ಲಿ ಮನೆ ಮಾಡುತ್ತದೆ. ಇದಕ್ಕೆ ವೆನಿಲ್ಲಾ ಮೇಣದಬತ್ತಿ ಹಚ್ಚಿಡುವುದು ತೀರಾ ಸಾಮಾನ್ಯ ತಪ್ಪು. ಇಂಗಿನ ವಾಸನೆ ಹೋಗುವುದಿಲ್ಲ, ಇಂಗು ಹಾಕಿದ ಕೇಕಿನ ವಾಸನೆ ಬರುತ್ತದೆ. ಕಾರ್ಪೆಟ್ ಬದಲಿಸಿ, ಗೋಡೆ ತೊಳೆದು ಪ್ರೈಮರ್ ಹೊಡೆದು ಬಣ್ಣ ಬಳಿದು, ಹೀಟರಿನ ಫಿಲ್ಟರ್ ಹೊಸದು ಹಾಕಿ, ಆಫರ್ ಬರುವ ತನಕ ಒಗ್ಗರಣೆಯಿಲ್ಲದ ಮೊಸರನ್ನದಲ್ಲಿ ದಿನ ದೂಡುವುದೇ ದಾರಿ. ‘ಒಂದು ಚಿಟಿಕೆ ಇಂಗಿಗೆ ಏನಾಗುತ್ತೆ’ ಎಂಬ ವಾದಕ್ಕೆ ಈ ಅವಧಿಯಲ್ಲಿ ಕಿವಿಗೊಡಬಾರದು.

ಕರಿಯುವುದಕ್ಕೆಂದೇ ಗರಾಜಿನಲ್ಲಿ ಎರಡನೇ ಒಲೆ ಹೂಡಿದ ಜಾಣರೂ ಇದ್ದಾರೆ. ಹಬ್ಬದ ಹಿಂದಿನ ದಿನ ಚಕ್ಕುಲಿ ಕೋಡುಬಳೆಗಳೆಲ್ಲ ಕಾರಿನ ಪಕ್ಕದಲ್ಲೇ ಬೇಯುತ್ತವೆ. ವಾಸನೆಯ ಮಟ್ಟಿಗೆ ಇದು ದೂರದೃಷ್ಟಿಯೇ. ಆದರೆ ಆ ಒಲೆಗೆ ಗ್ಯಾಸ್ ಪೈಪು ಎಳೆದವರು ನಗರಾಡಳಿತದ ಪರ್ಮಿಟ್ ಪಡೆದಿರುವುದಿಲ್ಲ. ಯೂಟ್ಯೂಬ್ ನೋಡಿ ಯಜಮಾನರೇ ಎಳೆದಿದ್ದರೆ ಪರ್ಮಿಟ್ಟಿನ ಮಾತೇ ಇಲ್ಲ. ಕೊಳ್ಳುವವರ ಇನ್‌ಸ್ಪೆಕ್ಟರ್ ಟಾರ್ಚ್ ಹಿಡಿದು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಅದೇ ಪೈಪು.

ಸ್ಟೇಜಿಂಗ್ ಎಂಬ ಶಾಸ್ತ್ರ ಬಹಳ ಮನೆಗಳಲ್ಲಿ ಜಗಳ ತರುತ್ತದೆ. ಉಪನಯನದ ಫೋಟೋ, ಚನ್ನಪಟ್ಟಣದ ಗೊಂಬೆ, ಮಗನ ಸ್ಪೆಲಿಂಗ್ ಬೀ ಫಲಕ, ಊರಿಗೆ ಹೋಗಿಬಂದ ಸೂಟ್‌ಕೇಸುಗಳ ರಾಶಿ, ಎಲ್ಲವನ್ನೂ ತೆಗೆಸಿ, ಯಾರೂ ತಿನ್ನದ ನಿಂಬೆಹಣ್ಣುಗಳನ್ನು ಬಟ್ಟಲಿನಲ್ಲಿಡಲು ಏಜೆಂಟರು ಹಣ ಖರ್ಚು ಮಾಡಿಸುತ್ತಾರೆ. ಕಾರಣ ಸರಳ: ನೋಡಲು ಬಂದವರು ತಮ್ಮ ಸಂಸಾರವನ್ನು ಅಲ್ಲಿ ಕಲ್ಪಿಸಿಕೊಳ್ಳಬೇಕು, ಇನ್ನೊಬ್ಬರದನ್ನು ಕಾಣಬಾರದು. ಕಷ್ಟವಿರುವುದು ದೇವರ ಮನೆಯಲ್ಲಿ. ಕೋಟು ನೇತುಹಾಕುವ ಕ್ಲಾಸೆಟ್ಟು ಅಲ್ಲಿ ದೇವರ ಮನೆಯಾಗಿ, ಮೇಲೆ ದೀಪದ ಮಸಿ ಹಿಡಿದಿರುತ್ತದೆ. ಎಡಿಸನ್, ಫ್ರೀಮಾಂಟ್‌ನಂಥ ಊರುಗಳಲ್ಲಿ ಕೊಳ್ಳಲು ಬರುವವರಲ್ಲೂ ಭಾರತೀಯರು ಬೇಕಾದಷ್ಟಿದ್ದು, ಪೂರ್ವದ ಬಾಗಿಲು, ಈಶಾನ್ಯದ ದೇವರು ಕಂಡರೆ ಅವರಿಗೆ ಹಿತವೆನಿಸಬಹುದು. ಉಳಿದ ಕಡೆ ಮಸಿ ಒರೆಸಿ, ದೇವರನ್ನು ಸ್ನೇಹಿತರ ಮನೆಗೆ ಕಳಿಸಿ, ಕೋಟನ್ನೇ ನೇತುಹಾಕುವುದು ಮೇಲು.

ಮನೆ ತೋರಿಸುವಾಗ ಮನೆಯವರು ಇರಕೂಡದು ಎಂಬ ನಿಯಮ ಕನ್ನಡ ಸೌಜನ್ಯಕ್ಕೆ ನೇರ ವಿರುದ್ಧ. ಬಂದವರಿಗೆ ಒಂದು ಲೋಟ ಕಾಫಿಯೂ ಕೊಡದೆ ಪಾರ್ಕಿನ ಬಳಿ ಕಾರಿನಲ್ಲಿ ಕೂರುವುದು ಹೇಗೆ? ವೀಸಾದ ಮೇಲೆ ಆರು ತಿಂಗಳಿಗೆ ಬಂದ ಅಜ್ಜಿಯಂತೂ ಏಳುವುದೇ ಇಲ್ಲ. ಸೋಫಾದಲ್ಲಿ ಕೂತು, ‘ಮಳೆ ಜೋರಾದ್ರೆ ಬೇಸ್‌ಮೆಂಟಲ್ಲಿ ಸ್ವಲ್ಪ ನೀರು ಬರುತ್ತೆ ಕಣಮ್ಮ, ಅದೊಂದು ಬಿಟ್ರೆ ಮನೆ ಚಿನ್ನ’ ಎನ್ನುತ್ತಾರೆ. ಬಂದವರಿಗೆ ಕನ್ನಡ ಬಾರದಿದ್ದರೆ ಬಚಾವು. ಎಡಿಸನ್‌ನಲ್ಲಾದರೆ ಅವರು ದಾವಣಗೆರೆಯವರಾಗಿರುವ ಅಪಾಯ ಇದ್ದೇ ಇದೆ.

ಅಜ್ಜಿ ಹೇಳಿದ್ದರಲ್ಲಿ ತಪ್ಪಿಲ್ಲ, ಹೇಳಿದ ಜಾಗ ತಪ್ಪು. ಅದು ಡಿಸ್‌ಕ್ಲೋಷರ್ ಫಾರಮ್ಮಿನಲ್ಲಿ ಇರಬೇಕಾದ ಮಾತು. ನ್ಯೂಜೆರ್ಸಿಯಲ್ಲಿ ಮನೆಯ ಸ್ಥಿತಿಗತಿಯನ್ನು ಲಿಖಿತವಾಗಿ ತಿಳಿಸುವುದು 2024ರ ಆಗಸ್ಟ್‌ನಿಂದ ಕಡ್ಡಾಯ. ನೆರೆ ನೀರಿನ ಇತಿಹಾಸವೂ ಅದರಲ್ಲಿ ಸೇರುತ್ತದೆ. ಕ್ಯಾಲಿಫೋರ್ನಿಯದ ಫಾರಮ್ಮುಗಳು ಇನ್ನೂ ಉದ್ದ. ಪರ್ಮಿಟ್ಟಿಲ್ಲದ ಕಟ್ಟೋಣದಿಂದ ಹಿಡಿದು ನೆರೆಹೊರೆಯ ಗದ್ದಲದವರೆಗೆ ಬರೆಯಬೇಕು. ಹಿಂದಿನ ಮೂರು ವರ್ಷದಲ್ಲಿ ಮನೆಯಲ್ಲಿ ಸಾವಾಗಿದ್ದರೆ ಅದನ್ನೂ ತಿಳಿಸಬೇಕು. 1978ಕ್ಕಿಂತ ಮೊದಲು ಕಟ್ಟಿದ ಮನೆಯಾದರೆ ಸೀಸದ ಬಣ್ಣದ ವಿಷಯ ದೇಶದ ಎಲ್ಲೆಡೆ ಕಡ್ಡಾಯ. ಅಪಶಕುನದ ಮಾತು ಏಕೆಂದು ಖಾಲಿ ಬಿಟ್ಟ ಚೌಕಗಳು ಮಾರಾಟವಾದ ಮೇಲೆ ವಕೀಲರ ನೋಟಿಸಾಗಿ ಬರುತ್ತವೆ. ಕೊಚ್ಚಿಕೊಳ್ಳುವುದೂ ಅಷ್ಟೇ ಅಪಾಯ. ನ್ಯೂಯಾರ್ಕ್ ರಾಜ್ಯದ ನಯಾಕ್ ಎಂಬಲ್ಲಿ ಮನೆಯೊಡತಿಯೊಬ್ಬರು ತಮ್ಮ ಮನೆಯ ದೆವ್ವಗಳ ಬಗ್ಗೆ ಪತ್ರಿಕೆಗಳಲ್ಲಿ ಹೇಳಿಕೊಂಡಿದ್ದರು, ಮಾರುವಾಗ ಮಾತ್ರ ಕೊಳ್ಳುವವರಿಗೆ ಹೇಳಲಿಲ್ಲ. ಊರಿಗೆಲ್ಲ ಸಾರಿದ ಮೇಲೆ ಈಗ ಇಲ್ಲವೆನ್ನುವಂತಿಲ್ಲ, ಕಾನೂನಿನ ದೃಷ್ಟಿಯಲ್ಲಿ ಆ ಮನೆಯಲ್ಲಿ ದೆವ್ವವಿದೆ ಎಂದು 1991ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿ, ಕೊಂಡವರಿಗೆ ವ್ಯವಹಾರದಿಂದ ಹಿಂದೆ ಸರಿಯಲು ಅವಕಾಶ ಕೊಟ್ಟಿತು. ಮಲೆನಾಡಿನ ಮನೆಯ ಕಥೆಗಳನ್ನೇ ರೋಚಕವಾಗಿ ಅಮೆರಿಕದ ಮನೆಗೆ ಅಂಟಿಸಿ ಕೂಟದ ಸ್ಮರಣಸಂಚಿಕೆಗೆ ಬರೆಯುವ ಅಭ್ಯಾಸವಿರುವವರು ಈ ತೀರ್ಪನ್ನು ನೆನಪಿಡಬೇಕು.

ಆಫರುಗಳು ಬಂದಾಗ ‘ಒಳ್ಳೆಯವರಿಗೆ ಕೊಡೋಣ’ ಎಂಬ ಆಸೆ ಹುಟ್ಟುತ್ತದೆ. ಬೆಂಗಳೂರಿನ ಟು-ಲೆಟ್ ಬೋರ್ಡುಗಳನ್ನು ಓದಿ ಬೆಳೆದವರು ವಾಟ್ಸಾಪ್ ಗುಂಪಿಗೆ ‘ನಮ್ಮ ಕಡೆಯವರಿಗೆ ಆದ್ಯತೆ’ ಎಂದು ಬರೆದು ಕಳಿಸುತ್ತಾರೆ. 1968ರ ಫೇರ್ ಹೌಸಿಂಗ್ ಕಾಯಿದೆಯ ಪ್ರಕಾರ ಧರ್ಮ, ಜನಾಂಗ, ಮೂಲ ದೇಶ ನೋಡಿ ಆದ್ಯತೆ ಎನ್ನುವ ಜಾಹೀರಾತು ಅಕ್ರಮ. ಕೊಳ್ಳುವವರು ಮನ ಕರಗಿಸಲು ಬರೆಯುವ ಪ್ರೇಮಪತ್ರದಂಥ ಕಾಗದಗಳಿಗೂ ಈ ಭೇದಭಾವದ ಭಯ ಅಂಟಿದೆ. ಒರೆಗಾನ್ ರಾಜ್ಯ 2021ರಲ್ಲಿ ಅವುಗಳ ವಿರುದ್ಧ ಕಾನೂನನ್ನೇ ತಂದಿತು. ಅದು ವಾಕ್ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಮರುವರ್ಷ ನ್ಯಾಯಾಲಯ ತಡೆಯಿತು. ಯಾರ ಮನೆ ಊಟದಲ್ಲೋ ‘ನಿಮಗೇ ಕೊಡ್ತೀವಿ’ ಎಂದು ಬಾಯಿಮಾತು ಕೊಟ್ಟುಬಿಡುವುದು ಇನ್ನೊಂದು ಎಡವಟ್ಟು. ಜಮೀನು ಮನೆಗಳ ವ್ಯವಹಾರ ಬರಹದಲ್ಲೇ ಆಗಬೇಕು. ನ್ಯೂಜೆರ್ಸಿಯಲ್ಲಂತೂ ಏಜೆಂಟರು ತಯಾರಿಸಿದ ಕರಾರಿಗೆ ಸಹಿಯಾದ ಮೇಲೂ ವಕೀಲರ ಪರಿಶೀಲನೆಗೆಂದು ಮೂರು ಕೆಲಸದ ದಿನಗಳ ಅವಕಾಶವಿದ್ದು, ಅಷ್ಟರೊಳಗೆ ಯಾವ ಕಡೆಯವರೂ ಹಿಂದೆ ಸರಿಯಬಹುದು. ಕೊಟ್ಟ ಮಾತಿಗೆ ತಪ್ಪದವರು ಈ ಮೂರು ದಿನ ಫೋನ್ ತೆಗೆಯದಿರುವುದು ವಾಸಿ.

ಕರಾರಿನಲ್ಲಿ ಏನೇನು ಮನೆಯ ಜತೆ ಹೋಗುತ್ತದೆ ಎಂಬುದನ್ನು ಓದುವವರು ಕಡಿಮೆ. ಮನೆಗೆ ಬಿಗಿದದ್ದೆಲ್ಲ ಮನೆಯದೇ. ಊರಿನಿಂದ ಹಡಗಿನಲ್ಲಿ ತರಿಸಿ ತೊಲೆಗೆ ಕೊಂಡಿ ಹೊಡೆದು ತೂಗುಹಾಕಿದ ಉಯ್ಯಾಲೆ, ಹೊರತುಪಡಿಸಿದೆ ಎಂದು ಬರೆಸದಿದ್ದರೆ ಕೊಂಡವರ ಪಾಲು. ಕರಿಬೇವಿನ ಗಿಡ ಕುಂಡದಲ್ಲಿದ್ದರೆ ಒಯ್ಯಬಹುದು, ನೆಲದಲ್ಲಿ ನೆಟ್ಟರೆ ಅದೂ ಮನೆಯದೇ. ಕುಂಡದ್ದಾದರೂ ಕ್ಯಾಲಿಫೋರ್ನಿಯದಲ್ಲಿ ಸುಲಭವಲ್ಲ. ನಿಂಬೆ ಜಾತಿಯ ಗಿಡಗಳಿಗೆ ರೋಗ ಹರಡುವ ಸಿಲಿಡ್ ಎಂಬ ಕೀಟ ಕರಿಬೇವಿನಲ್ಲೂ ವಾಸಿಸುವುದರಿಂದ, ನಿರ್ಬಂಧವಿರುವ ಪ್ರದೇಶಗಳಿಂದ ಗಿಡವನ್ನು ಹೊರಗೆ ಸಾಗಿಸುವಂತಿಲ್ಲ. ಒಬ್ಬರಿಂದೊಬ್ಬರಿಗೆ ಕಾರಿನ ಡಿಕ್ಕಿಯಲ್ಲಿ ಸಸಿ ದಾಟಿಸುವ ಕೂಟದ ಪದ್ಧತಿಯೂ ಇದೇ ಕಾನೂನಿನಡಿ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಮೊತ್ತ ಕಳೆದುಹೋಗುವುದು ತೆರಿಗೆಯಲ್ಲಿ. ಮಾರುವ ಹಿಂದಿನ ಐದು ವರ್ಷಗಳಲ್ಲಿ ಕನಿಷ್ಠ ಎರಡು ವರ್ಷ ಸ್ವಂತ ಮನೆಯಾಗಿ ವಾಸವಿದ್ದರೆ, ಒಬ್ಬರಿಗೆ 2,50,000 ಡಾಲರ್, ಜಂಟಿಯಾಗಿ ತೆರಿಗೆ ಸಲ್ಲಿಸುವ ದಂಪತಿಗೆ 5,00,000 ಡಾಲರ್ ತನಕ ಲಾಭದ ಮೇಲೆ ಫೆಡರಲ್ ತೆರಿಗೆ ಇಲ್ಲ. ಈ ಮಿತಿ 1997ರಲ್ಲಿ ಎಷ್ಟಿತ್ತೋ ಈಗಲೂ ಅಷ್ಟೇ. ಕೂಪರ್ಟಿನೋದ ಮನೆ ಬೆಲೆಗಳು ಅಷ್ಟು ತಾಳ್ಮೆ ತೋರಿಲ್ಲ. ಊರಿಗೆ ಹಿಂದಿರುಗುವ ಕುಟುಂಬಗಳು ಎಡವುವುದು ಇಲ್ಲೇ. ‘ಬೆಂಗಳೂರು ಒಗ್ಗದಿದ್ದರೆ ವಾಪಸ್ ಬರೋಣ’ ಎಂದು ಮನೆಯನ್ನು ಬಾಡಿಗೆಗೆ ಕೊಟ್ಟು ಹೋಗುತ್ತಾರೆ. ಟ್ರಾಫಿಕ್ ಬೈಯುತ್ತ, ಮಕ್ಕಳ ಶಾಲೆ ಹೊಗಳುತ್ತ ಮೂರು ವರ್ಷ ಮೀರುತ್ತದೆ. ಐದರಲ್ಲಿ ಎರಡು ವರ್ಷದ ಲೆಕ್ಕ ತಪ್ಪಿ ಇಡೀ ವಿನಾಯಿತಿ ಕೈಬಿಡುತ್ತದೆ. ಗ್ರೀನ್ ಕಾರ್ಡನ್ನೂ ಮರಳಿಸಿ ತೆರಿಗೆಯ ಲೆಕ್ಕದಲ್ಲಿ ಪರದೇಶಿಯಾಗಿದ್ದರೆ, ಕೊಳ್ಳುವವರು ಸಾಮಾನ್ಯವಾಗಿ ಬೆಲೆಯ ಶೇ. 15ನ್ನು ಹಿಡಿದು ತೆರಿಗೆ ಇಲಾಖೆಗೆ ಕಟ್ಟುತ್ತಾರೆ. ಲಾಭದ ಶೇ. 15 ಅಲ್ಲ, ಮಾರಾಟದ ಇಡೀ ಬೆಲೆಯದ್ದು. ಹೆಚ್ಚಾದದ್ದನ್ನು ವಾಪಸು ಪಡೆಯಲು ರಿಟರ್ನ್ ಸಲ್ಲಿಸಬೇಕು. ಅಷ್ಟರಲ್ಲಿ ಭಾರತದಲ್ಲಿ ಪೂರ್ಣ ನಿವಾಸಿಯಾಗಿದ್ದರೆ ಹೊರದೇಶದ ಈ ಲಾಭವನ್ನು ಅಲ್ಲಿನ ಆದಾಯ ತೆರಿಗೆಯಲ್ಲೂ ತೋರಿಸಬೇಕು.

ನ್ಯೂಜೆರ್ಸಿ ಬಿಡುವವರನ್ನು ಕಾಡುವ ‘ಎಕ್ಸಿಟ್ ಟ್ಯಾಕ್ಸ್’ ಮಾತ್ರ ಹೆಸರಿಗಿಂತ ಸಾಧು. ರಾಜ್ಯ ಬಿಟ್ಟು ಹೋಗುತ್ತಿರುವವರಿಂದ ಮುಂಗಡವಾಗಿ, ಕಡಿಮೆಯೆಂದರೆ ಬೆಲೆಯ ಶೇ. 2 ಹಿಡಿಯುತ್ತಾರೆ, ಅದು ಆದಾಯ ತೆರಿಗೆಯ ಲೆಕ್ಕಕ್ಕೇ ಸೇರುತ್ತದೆ, ಬೇರೆ ತೆರಿಗೆಯಲ್ಲ. ನಿಜವಾದ ಹೊಸ ಹೊರೆ ಬೇರೆ ಇದೆ: ಹತ್ತು ಲಕ್ಷ ಡಾಲರ್ ಮೀರಿದ ಮಾರಾಟಕ್ಕೆ ಮೊದಲು ಕೊಳ್ಳುವವರು ಕಟ್ಟುತ್ತಿದ್ದ ಶುಲ್ಕವನ್ನು 2025ರ ಜುಲೈಯಿಂದ ಮಾರುವವರೇ ಕಟ್ಟಬೇಕು. ಹಾಗಾಗಿ 9,99,000ಕ್ಕೆ ಬಂದ ಆಫರನ್ನು ನಗುತ್ತ ತಳ್ಳಿಹಾಕುವ ಮೊದಲು ಲೆಕ್ಕ ಹಾಕುವುದು ಒಳ್ಳೆಯದು.

ಹೊಸ ಮಾಡು, ಹೊಸ ಕಿಟಕಿ, ಅಡುಗೆಮನೆಯ ಮರುನಿರ್ಮಾಣದ ಖರ್ಚನ್ನು ಕೊಂಡ ಬೆಲೆಗೆ ಸೇರಿಸಿ ತೆರಿಗೆ ಬೀಳುವ ಲಾಭವನ್ನು ಇಳಿಸಬಹುದು, ರಸೀತಿ ಇದ್ದರೆ. ಕನ್ನಡ ಮನೆಗಳಲ್ಲಿ ಜಯನಗರದ ಸೀರೆ ಅಂಗಡಿಯ ಚೀಲ, ಎಂದೋ ಬಿಸಾಡಿದ ಟಿ.ವಿ.ಯ ವಾರಂಟಿ, ಏರ್ ಇಂಡಿಯಾದ ಬೋರ್ಡಿಂಗ್ ಪಾಸುಗಳೆಲ್ಲ ಜೋಪಾನವಾಗಿರುತ್ತವೆ. ಮಾಡಿಗೆ ಕೊಟ್ಟ ಹಣದ ರಸೀತಿ ಮಾತ್ರ ಇರುವುದಿಲ್ಲ. ಸಿಕ್ಕ ರಸೀತಿಗಳ ಜತೆ ಕ್ಲೋಸಿಂಗ್ ಸ್ಟೇಟ್‌ಮೆಂಟನ್ನೂ ಸೇರಿಸಿ, ಮಾರಾಟ ತೋರಿಸಿ ರಿಟರ್ನ್ ಸಲ್ಲಿಸಿದ ಮೇಲೆ ಕನಿಷ್ಠ ಮೂರು ವರ್ಷ ಇಟ್ಟುಕೊಳ್ಳಬೇಕು. ಸೀರೆಯ ಚೀಲ ಅದಕ್ಕೆ ಸಾಕು.