ಕೋಣನಿಗೂ ಒಂದು ಕಾರ್ಡು

ಟ್ರಂಪ್ ಕಾರ್ಡಿನ ನ್ಯಾಯ ಬಹಳ ಸರಳ. ಮೇಲೆ ಆಟಗಾರನ ಚಿತ್ರ, ಕೆಳಗೆ ಪಂದ್ಯ, ರನ್ನು, ವಿಕೆಟ್ಟು, ಕ್ಯಾಚು. ಅಂಕಿ ದೊಡ್ಡದಿದ್ದವನಿಗೆ ಎದುರಿನವನ ಕಾರ್ಡು. ಕೈಯಲ್ಲಿ ಬೌಲರ್ ಚಂದ್ರಶೇಖರ್ ಇದ್ದಾಗ ‘ರನ್ನು’ ಎಂದು ಬಾಯಿಬಿಟ್ಟವನು ಕೆಟ್ಟ: 58 ಟೆಸ್ಟುಗಳಲ್ಲಿ ಅವರ ವಿಕೆಟ್ಟು 242, ರನ್ನು ಬರೀ 167. ಯಾವ ಕಾಲಮ್ಮು ಕೇಳಬೇಕೆಂಬುದೇ ವಿದ್ಯೆ.

ಆಟಿಯ ಮಳೆಗೆ ಕದ್ರಿಯ ನಮ್ಮ ಫ್ಲ್ಯಾಟಿನಲ್ಲಿ ಕರೆಂಟು ಹೋಗಿ, ಮೊಬೈಲುಗಳೂ ಕಣ್ಣು ಮುಚ್ಚಿದ ಮೇಲೆ ನನ್ನ ಬಾಲ್ಯದ ಕಟ್ಟು ಹೊರಬಂತು. ಮಂಗಳೂರಿನ ತೇವಕ್ಕೆ ಕಾರ್ಡುಗಳೆಲ್ಲ ಹಸಿ ಹಪ್ಪಳದ ಹಾಗೆ ಅಂಟಿಕೊಂಡಿದ್ದವು.

“ಇದನ್ನು ಗುಜರಿಯವನೂ ಕೊಳ್ಳುವುದಿಲ್ಲ ಮಾರಾಯ್ರೇ” ಎಂದಳು ಹೆಂಡತಿ.

ಹಟ ಹತ್ತಿತು. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ನಮ್ಮೂರಿನವರದ್ದೇ ಹೊಸ ಕಟ್ಟು ಮಾಡಲು ಕುಳಿತೆ. ಮೊದಲಿಗೆ ಮುಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್: 1964ರಲ್ಲಿ ಮದರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192. ಕೀಪರನ ಗ್ಲೌಸನ್ನು ಆಸ್ಥೆಯಿಂದ ಬರೆದೆ. ಅಮ್ಮ ನೋಡಿ, “ಪಾಪ, ಎರಡೂ ಕೈಗೆ ಪೆಟ್ಟಾ?” ಎಂದರು. ಮುಂದಿನದು ಸುರತ್ಕಲ್ಲಿನಲ್ಲಿ ಬೆಳೆದ ಕೆ.ಎಲ್. ರಾಹುಲ್. 2016ರ ಚೆನ್ನೈ ಟೆಸ್ಟಿನ 199 ಬರೆಯುವಷ್ಟರಲ್ಲಿ ಅಮ್ಮ ಅಡ್ಡ ಬಂದರು: “200 ಅಂತ ಹಾಕು ಮಗಾ. ನಮ್ಮ ಹುಡುಗನಿಗೆ ಒಂದು ರನ್ನು ಕೊಡ್ಲಿಕ್ಕೆ ನಿನಗೆಂತ ಕಷ್ಟ?”

ಮಗಳು ಕಂಬಳ ಓಟಗಾರ ಶ್ರೀನಿವಾಸ ಗೌಡರನ್ನು ಬರೆದಳು. 2020ರಲ್ಲಿ ಐಕಳದ ಕೆಸರು ಕರೆಯಲ್ಲಿ 142.5 ಮೀಟರನ್ನು ಬರಿಗಾಲಲ್ಲಿ 13.62 ಸೆಕೆಂಡಿಗೆ ಓಡಿ, ದೇಶವೇ ಉಸೇನ್ ಬೋಲ್ಟ್‌ಗೆ ಹೋಲಿಸಿ ಕುಣಿದಾಗ, ನನಗೆ ಕಂಬಳವೇ ಸಾಕು ಎಂದು ಊರಲ್ಲೇ ಉಳಿದವರು. ಜೊತೆಗೆ ಬೋಲ್ಟ್‌ಗೂ ಒಂದು ಕಾರ್ಡಾಯಿತು: 100 ಮೀಟರಿಗೆ 9.58. ದೊಡ್ಡ ಅಂಕಿಗೇ ಗೆಲುವೆಂಬ ನಿಯಮದಲ್ಲಿ ಬೋಲ್ಟ್ ಹೀನಾಯವಾಗಿ ಸೋತ. ಊರಿನ ಮರ್ಯಾದೆಯ ಪ್ರಶ್ನೆ, ನಾನು ಸುಮ್ಮನಿದ್ದೆ.

ಹೆಂಡತಿ ಸುಮ್ಮನಿರಲಿಲ್ಲ. “ನಿಧಾನ ಓಡಿದವರಿಗೇ ಗೆಲುವಾದರೆ ಇವರನ್ನೂ ಸೇರಿಸಿ. ಬೆಳಿಗ್ಗೆ ಹಾಲಿಗೆ ಹೋದವರು ಊಟದ ಹೊತ್ತಿಗೆ ಬರ್ತಾರೆ, ವಿಶ್ವದಾಖಲೆಯೇ ಆಗ್ತದೆ.” ಆಮೇಲೆ ನ್ಯಾಯದ ಇನ್ನೊಂದು ಮಾತು: “ಗೌಡರ ಮುಂದೆ ಓಡಿದ್ದು ಕೋಣಗಳಲ್ವಾ? ಅವಕ್ಕೆ ಕಾರ್ಡು ಬೇಡ್ವಾ?”

ಹಾಗೆ ಒಂದೇ ಸಂಜೆ ಕೋಣವೂ ನಾನೂ ಕಟ್ಟಿಗೆ ಸೇರಿದೆವು. ಮಗಳು ಬಿಡಿಸಿದ ನನ್ನ ಹೊಟ್ಟೆ ಕಾರ್ಡಿನ ಅಂಚು ದಾಟಿತ್ತು. ಪಂದ್ಯ ಸೊನ್ನೆ, ರನ್ನು ಸೊನ್ನೆ, ಕ್ಯಾಚು ಸೊನ್ನೆ. ಕಡೆಗೆ ಹೆಂಡತಿಯೇ ಕನಿಕರಪಟ್ಟು ‘ತೂಕ’ ಎಂಬ ಕಾಲಮ್ಮು ಸೇರಿಸಿದಳು. ಅಂದಿನಿಂದ ಕುಂದರನ್, ರಾಹುಲ್, ಬೋಲ್ಟ್ ಯಾರೇ ಬರಲಿ, ‘ತೂಕ’ ಎಂದು ಗುಡುಗಿ ಎಲ್ಲರನ್ನೂ ಬಾಚಿಕೊಳ್ಳುತ್ತಿದ್ದೇನೆ. ಕಾರ್ಡು ಹಂಚುವಾಗ ಕದ್ರಿ ಮಂಜುನಾಥನಲ್ಲಿ ನನ್ನ ಪ್ರಾರ್ಥನೆ ಒಂದೇ: ಕೋಣ ಅಮ್ಮನ ಕೈಗೆ ಹೋಗದಿರಲಿ.