ಸೇತುವೆಗೊಂದು ಊಟ

ಮಂಗಳೂರಿನಿಂದ ಕಾರವಾರಕ್ಕೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹೆಚ್ಚುಕಡಿಮೆ 270 ಕಿಲೋಮೀಟರ್. ಇಷ್ಟನ್ನೂ ಒಂದೇ ಉಸಿರಿಗೆ ಮುಗಿಸಿದೆವೆಂದು ಎದೆಯುಬ್ಬಿಸುವವರಿದ್ದಾರೆ. ಅವರಿಗೆ ಶಹಬ್ಬಾಸ್ ಹೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಏನು ತಿಂದಿರಿ? ಬಂಕಿನ ಪಕ್ಕದಂಗಡಿಯ ಚಿಪ್ಸ್. ಏನು ನೋಡಿದಿರಿ? ಮುಂದಿದ್ದ ಲಾರಿಯ ಬೆನ್ನು. ಇದು ಪ್ರವಾಸವಲ್ಲ, ಸಾಗಾಟ. ಕರಾವಳಿಯ ದಾರಿಯನ್ನು ಅಳೆಯಬೇಕಾದದ್ದು ಕಿಲೋಮೀಟರಿನಲ್ಲಲ್ಲ, ಸೇತುವೆಗಳಲ್ಲಿ. ಒಂದೊಂದು ಹೊಳೆ ದಾಟಿದಾಗಲೂ ಕೆಳಗಿಳಿದು ಏನಾದರೂ ತಿನ್ನಲೇಬೇಕು ಎಂಬುದು ನನ್ನ ವಾದ.

ಹೊಟ್ಟೆಬಾಕರ ಸಿದ್ಧಾಂತವೆಂದು ನಗುವವರು ಭೂಪಟ ಬಿಡಿಸಿ ನೋಡಲಿ. ಘಟ್ಟ ಇಲ್ಲಿ ಕಡಲಿಗೆ ಅಂಟಿಕೊಂಡಂತಿದೆ. ಹಾಗಾಗಿ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿ ಎಲ್ಲವೂ ಈ ರಸ್ತೆಯ ಆಸುಪಾಸಿನಲ್ಲೇ ಉಪ್ಪುನೀರು ಸೇರುತ್ತವೆ. ಸಿಹಿ-ಉಪ್ಪು ಬೆರೆತ ಕೆಸರಿನಲ್ಲಿ ಏಡಿ, ಸಿಗಡಿ, ಚಿಪ್ಪು ಹುಲುಸಾಗುತ್ತವೆ. ಅವುಗಳ ಹಿಂದೆ ಹಕ್ಕಿ, ಹಕ್ಕಿಯ ಜೊತೆಗೆ ಮನುಷ್ಯ. ಅಣೆಕಟ್ಟಿಲ್ಲದ ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಂತರೆ ಸಾಕು. ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬುಟ್ಟಿಗೆ ಬಳಚು ತುಂಬುವವರು ಒಂದು ಕಡೆ, ನಾಲ್ಕು ಮಾರು ಆಚೆ ಬಾಗಿದ ಉದ್ದ ಕೊಕ್ಕನ್ನು ಬುಡದವರೆಗೆ ಊರಿ ಅದೇ ಕೆಸರನ್ನು ತಡಕುವ ಹಕ್ಕಿ ಇನ್ನೊಂದು ಕಡೆ. ಇಬ್ಬರೂ ತಲೆಯೆತ್ತುವುದಿಲ್ಲ, ಭರತ ಏರುವಷ್ಟರಲ್ಲಿ ಕೆಲಸ ಮುಗಿಯಬೇಕಲ್ಲ. ಪಕ್ಕದ ಗಜನಿ ಗದ್ದೆಯಲ್ಲಿ ಮಳೆಗಾಲಕ್ಕೆ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ, ಕೊಯ್ಲಾದ ಮೇಲೆ ಸಿಗಡಿ, ಮೀನು. ಅನ್ನ ಮತ್ತು ಸಾರು ಎರಡನ್ನೂ ಪಾಳಿಯ ಮೇಲೆ ಕೊಡುವ ಇಂಥ ಗದ್ದೆಯನ್ನು ನೂರರ ವೇಗದಲ್ಲಿ ದಾಟುವುದು ಅವಿವೇಕವಲ್ಲದೆ ಇನ್ನೇನು? ಊಟವೂ ಊರಿಂದೂರಿಗೆ ಮಗ್ಗುಲು ಬದಲಿಸುತ್ತದೆ. ಮಂಗಳೂರಿನಲ್ಲಿ ಕೋರಿ ರೊಟ್ಟಿ, ಕುಂದಾಪುರದಲ್ಲಿ ಕೋಳಿ ಸುಕ್ಕ, ಭಟ್ಕಳದಲ್ಲಿ ಈರುಳ್ಳಿ ಹೇರಳವಾಗಿ ಬಿದ್ದ ಬಿರಿಯಾನಿ, ಬೇಸಿಗೆಯಾದರೆ ಅಂಕೋಲೆಯ ಕರಿ ಇಶಾಡು ಮಾವು.

ವನ್ಯಜೀವಿಯೆಂದರೆ ಹುಲಿ, ಅದಕ್ಕೆ ಜೀಪು, ಟಿಕೆಟ್ ಬೇಡವೇ ಎಂಬುದೊಂದು ಆಕ್ಷೇಪ. ಮಲ್ಪೆಯ ಬಂದರಿನಲ್ಲಿ ಮೀನಿಗಾಗಿ ಎರಗುವ ಗರುಡ ಯಾರ ಟಿಕೆಟನ್ನೂ ಕೇಳುವುದಿಲ್ಲ. ಕಾಳಿ ಕಡಲು ಸೇರುವಲ್ಲಿ ಡಾಲ್ಫಿನ್ ಬೆನ್ನು ತೋರಿಸುತ್ತದೆ, ಅದರ ಮರ್ಜಿ ಇದ್ದರೆ. ಹೊನ್ನಾವರದ ಮರಳಿಗೆ ಚಳಿಗಾಲದ ರಾತ್ರಿಗಳಲ್ಲಿ ಕಡಲಾಮೆ ಮೊಟ್ಟೆಯಿಡಲು ಬರುತ್ತದೆ. ಅಲ್ಲಿ ಮಾತ್ರ ಟಾರ್ಚು, ಸೆಲ್ಫಿಯ ಉತ್ಸಾಹವನ್ನು ಕಾರಿನಲ್ಲೇ ಬಿಟ್ಟಿರಬೇಕು. ಸಸ್ಯಾಹಾರಿಗಳ ಗತಿಯೇನು? ಗೋಳಿಬಜೆ, ಬನ್ಸು, ನೀರುದೋಸೆ ಇರುವ ಸೀಮೆಯಲ್ಲಿ ಈ ಪ್ರಶ್ನೆಗೆ ಉತ್ತರಿಸುವುದೇ ದಂಡ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ, ನಿಜ. ಆದರೆ ಕೆಸುವಿನ ಎಲೆ ಚಿಗುರಿ ಪತ್ರೊಡೆಗೆ ಒದಗುವುದೂ ಆಗಲೇ.

ಗಟ್ಟಿಯಾದ ತಕರಾರು ಒಂದೇ: ಚತುಷ್ಪಥ ಮಾಡಿದ್ದೇ ಬೇಗ ಹೋಗಲಿಕ್ಕಲ್ಲವೇ? ಹೌದು. ಆಂಬ್ಯುಲೆನ್ಸಿಗೆ ಬೇಕು, ನೀರು ಸುರಿಸುತ್ತ ಓಡುವ ಮೀನು ಲಾರಿಗಂತೂ ಬೇಕೇ ಬೇಕು, ಅದರೊಳಗೆ ಐಸು ಕರಗುತ್ತಿರುತ್ತದೆ. ರಜೆ ಹಾಕಿ ಹೊರಟವರ ಡಿಕ್ಕಿಯಲ್ಲಿ ಅಂಥದ್ದೇನು ಕರಗುತ್ತಿದೆ?