ಕಿಕ್ ಹೊಡಿಯೂದ ಬಿಡು, ಕಿಡಿ ನೋಡು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟ ಹಳೆಯ ಯೆಜ್ಡಿ 250 ನವಲೂರಿನ ಹತ್ತಿರ ನಿಂತುಬಿಟ್ಟಿತ್ತು. ಮಾಲೀಕರು ಚಹಾದಂಗಡಿಗೆ ಹೋದದ್ದೇ ತಡ, ಅದು ಮಾತಿಗೆ ಸಿಕ್ಕಿತು.

ಅಜ್ಜಾರ, ನಿಮ್ಮ ಮೂಲ ಊರು?

ಮೈಸೂರಪಾ. 1961ರಾಗ ಐಡಿಯಲ್ ಜಾವಾ ಕಾರ್ಖಾನಿ ಅಲ್ಲಿ ಗಾಡಿ ಮಾಡಾಕ ಹತ್ತಿತು. ಮೊದಲ ಜಾವಾ, ಆಮ್ಯಾಲೆ ಯೆಜ್ಡಿ. 1996ಕ್ಕ ಬಾಗಿಲಾ ಹಾಕಿತು. ಈಗ ನಮಗ ತವರಮನಿ ಅಂದ್ರ ಗುಜರಿ ಅಂಗಡಿ.

ಏನ್ ತ್ರಾಸು?

ಮುಂಜಾನೆ ಒಂದ ಕಿಕ್ಕಿಗೆ ಏಳ್ತೀನಿ. ಉಣಕಲ್ ದಾಟೂತನಾ ಬರೋಬ್ಬರಿ. ಎಂಜಿನ್ ಕಾಯ್ದ ಮ್ಯಾಲೆ ಫಟ್ ಫಟ್ ಕೆಮ್ಮು, ಆಮ್ಯಾಲೆ ಬಂದ್. ಆರಿದ್ರ ಮತ್ತ ಚಾಲೂ.

ಯಾರಿಗೂ ತೋರಿಸಲಿಲ್ಲೇನ್ರಿ?

ತೋರಿಸೂದ್ಯಾಕ? ಇಲ್ಲಿ ಯೆಜ್ಡಿ ನಿಂತ್ರ ಚಿಗರಿ ಬಸ್ಸಿಗೆ ಕಾಯಾಕ ನಿಂತವ್ರೂ ಡಾಕ್ಟರ್ ಆಗ್ತಾರ. ಒಬ್ಬ ‘ಕಾರ್ಬೋರೇಟರದಾಗ ಕಚರಾ’ ಅಂದ, ಬಿಚ್ಚಿದ್ರು. ಇನ್ನೊಬ್ಬ ‘ಪ್ಲಗ್’ ಅಂದ, ಬದಲಿ ಮಾಡಿದ್ರು. ಮತ್ತೊಬ್ಬ ‘ಪೆಟ್ರೋಲಿಗೆ ಆಯಿಲ್ ಯಾಕ, ಬಿಡ್ರಿ’ ಅಂದ. ನಾನು ಟು-ಸ್ಟ್ರೋಕ್! ಆಯಿಲ್ ಬಿಟ್ರ ಪಿಸ್ಟನ್ ಜಾಮ್ ಆಗಿ ಕಥಿ ಮುಗೀತೈತಿ.

ತಪ್ಪೆಲ್ಲಾ ಇ20 ಪೆಟ್ರೋಲಿಂದು ಅಂತಾರಲ್ರೀ?

20 ಪರ್ಸೆಂಟ್ ಎಥೆನಾಲ್ ನನ್ನ ಹಳೇ ರಬ್ಬರಿಗೆ ಆಗಿಬರೂದಿಲ್ಲ, ಖರೇ. ಆದ್ರ ನಿಂತ ಕೂಡ್ಲೆ ಪ್ಲಗ್ ಬಿಚ್ಚಿ, ಹೆಡ್ಡಿಗೆ ಹಚ್ಚಿ, ಕಿಕ್ ಹೊಡದು ನೋಡಬೇಕಿಲ್ಲೋ? ಕಿಡೀನ ಇಲ್ಲಂದ ಮ್ಯಾಲೆ ಪೆಟ್ರೋಲಿಗೆ ಯಾಕ ಬೈತೀರಿ?

ಹಂಗಾರ ರೋಗ ಎಲ್ಲೈತಿ?

ಪಾಯಿಂಟಿನ ಕವರ್ ತಗದು ನೋಡು. ತುದಿ ಸುಟ್ಟು ಕರ್ರಗಾಗ್ಯಾವ. ಕಂಡೆನ್ಸರ್ ಕಾಯ್ದಾಗ ಕೈ ಕೊಡ್ತೈತಿ, ಕಿಡಿ ಪಾಯಿಂಟಿನಾಗ ಚಟಪಟ ಹಾರಿ ಖರ್ಚಾಗ್ತೈತಿ. ಪ್ಲಗ್ಗಿಗೆ ಮುಟ್ಟೂದು ಬೆಂಗಳೂರಿಂದ ಹೊಂಟ ಅನುದಾನ ನಮ್ಮ ಕಡೆ ಮುಟ್ಟಿದಷ್ಟ. ಹೊಸಾ ಕಂಡೆನ್ಸರ್ ಹಾಕಿ, ಪಾಯಿಂಟ್ ತಿಕ್ಕಿ, ಗ್ಯಾಪ್ 0.4 ಮಿಲಿಮೀಟರ್ ಇಟ್ರ ಮುಗೀತು. ಆಗಲೂ ನಿಂತ್ರ ಇಗ್ನಿಶನ್ ಕಾಯಿಲ್ ನೋಡಬೇಕು.

ಮತ್ತ ಮಾಲೀಕರು ಯಾಕ ಹಾಕಿಸವಲ್ರು?

ಅದು ಹೊರಗ ಕಾಣೂದಿಲ್ಲಲ್ಲೋ! ಟಾಕಿಗೆ ಬಣ್ಣ ಆತು, ಎರಡೂ ಸೈಲೆನ್ಸರಿಗೆ ಕ್ರೋಮ್ ಆತು. ಜುಲೈದಾಗ ಜಾವಾ ದಿನಾ ಬಂದ್ರ ಫೋಟೋ ಚಂದ ಬರಬೇಕು. ಕಂಡೆನ್ಸರ್ ಫೋಟೋ ಯಾರ್ ತಗೀತಾರ?

ಅವರಿಗೊಂದ ಬುದ್ಧಿಮಾತು?

ಒಮ್ಮಿಗೆ ಒಂದ ಸಾಮಾನ ಬದಲಿ ಮಾಡು, ಓಡಿಸಿ ನೋಡು. ನಾಕೂ ಕೂಡೇ ಬದಲಿ ಮಾಡಿದ್ರ ಯಾವುದರಿಂದ ಆರಾಮಾತು ಅನ್ನೂದು ತಿಳಿಯೂದಿಲ್ಲ. ಹೆಸರೆಲ್ಲಾ ಹ್ಯಾಂಡಲ್ಲಿಗೆ ಕಟ್ಟಿದ ನಿಂಬಿಹಣ್ಣಿಗೆ ಹೋಗ್ತೈತಿ.